ಗಾಳಿಯಲ್ಲಿರುವ ಹೊತ್ತು

ವಿಮಾನದ ಟಿಕೆಟ್ ಮಾರುವ ಅಂಗಡಿಯಲ್ಲಿ ಅವನು ಇಪ್ಪತ್ತಾರು ವರ್ಷ ಕೂತವನು. ಯಾವ ಊರಿಗೆ ಎಷ್ಟು ದೂರ, ಎಷ್ಟು ಹೊತ್ತು ಎಂಬುದೆಲ್ಲ ಅವನಿಗೆ ಬಾಯಿಪಾಠ. ಆದರೆ ಹೇಳುತ್ತಿದ್ದುದು ವಿಮಾನ ಗಾಳಿಯಲ್ಲಿರುವ ಹೊತ್ತನ್ನು ಮಾತ್ರ. ನಿಲ್ದಾಣಕ್ಕೆ ಹೋಗುವ ದಾರಿ, ತಪಾಸಣೆಯ ಸಾಲು, ಇಳಿದ ಮೇಲಿನ ಟ್ಯಾಕ್ಸಿ, ಇವುಗಳ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಎತ್ತಿದರೆ ಗಿರಾಕಿ ರೈಲು ಹತ್ತಿಬಿಡುತ್ತಾನಲ್ಲ! ಹೀಗೆ ಮೂಗಿಗೆ ತುಪ್ಪ ಸವರುವ ತನ್ನ ಜಾಣತನವನ್ನು ಊರಿಗೆ ಹೋದಾಗಲೆಲ್ಲ ಹೇಳಿಕೊಂಡು ಅಮ್ಮನನ್ನು ನಗಿಸುತ್ತಿದ್ದ.

ಒಂದು ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. "ಅಮ್ಮಂಗೆ ತುಂಬಾ ಜಾಸ್ತಿಯಾಗಿದೆ ಕಣೋ. ನಿನ್ನನ್ನೇ ಕೇಳ್ತಿದ್ದಾಳೆ. ಬರೋಕೆ ಎಷ್ಟು ಹೊತ್ತಾಗುತ್ತೆ?"

"ಆರುನೂರೈವತ್ತು ಕಿಲೋಮೀಟರ್. ಒಂದು ಗಂಟೆ ಹತ್ತು ನಿಮಿಷ." ರೂಢಿಯ ಮಾತು ಬಾಯಿಂದ ಜಾರಿತ್ತು.

ಅಕ್ಕನ ಮನೆ ಮುಟ್ಟುವಷ್ಟರಲ್ಲಿ ಏಳು ಗಂಟೆ ಕಳೆದಿತ್ತು. ಅಮ್ಮನ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಗೋಡೆಯ ಗಡಿಯಾರ ಹಾಸಿಗೆಯ ಪಕ್ಕದ ಕುರ್ಚಿಯ ಮೇಲಿತ್ತು.

"ಏನಾದ್ರೂ ಹೇಳಿದ್ಲಾ?" ಎಂದು ಕೇಳಿದ.

ಅಕ್ಕ ಅವನ ಮುಖ ನೋಡಲಿಲ್ಲ. "ಗಡಿಯಾರ ನೋಡ್ತಾ ಐದು ಗಂಟೆ ಕಾದ್ಲು. ಆಮೇಲೆ, 'ನನ್ನನ್ನೂ ಗಿರಾಕಿ ಮಾಡ್ಬಿಟ್ಟ' ಅಂದ್ಲು."