ಕೊಯ್ದು ನೋಡಿದ ಕಡಲಹೂವು

ಹೋದ ವಾರ ಬಟವಾಡಿಯ ನರ್ಸಿಂಗ್ ಹೋಮಿನಲ್ಲಿ, ನಮ್ಮ ಯಜಮಾನರ ಹೊಟ್ಟೆಯಿಂದ ತೆಗೆದ ಗಡ್ಡೆಯನ್ನು ಬಾಟಲಿಗೆ ಹಾಕಿ ನರ್ಸಮ್ಮ ನನ್ನ ಕೈಗಿಟ್ಟಳು. ಲ್ಯಾಬಿಗೆ ಕೊಡಬೇಕಿತ್ತು. ಮುಚ್ಚಳದ ಸಂದಿಯಿಂದ ಫಾರ್ಮಲಿನ್ ವಾಸನೆ ಮೂಗಿಗೆ ಹೊಡೆಯಿತು. ಗಂಡನ ಚಿಂತೆ ಮಾಡಬೇಕಾದ ಹೊತ್ತಿನಲ್ಲಿ ನಮ್ಮ ಝುವಾಲಜಿ ಮೇಷ್ಟ್ರು ನೆನಪಾದರು...

ಎಪ್ಪತ್ತರ ದಶಕದ ಕೊನೆ. ತುಮಕೂರಿನಲ್ಲಿ ಪಿಯುಸಿ ಓದ್ತಿದ್ದೆ. ಮೇಷ್ಟ್ರು ದಿನಾ ಗುಬ್ಬಿಯಿಂದ ಬಸ್ಸಿನಲ್ಲಿ ಬರೋರು, ಟೆಂಪರರಿ ಕೆಲಸ. ಕಡಲನ್ನೇ ಕಾಣದ ನಮಗೋಸ್ಕರ ಮಂಗಳೂರಿಂದ ಫಾರ್ಮಲಿನ್ ತುಂಬಿದ ಜಾಡಿಯಲ್ಲಿ ಕಡಲಹೂವು ತಂದಿದ್ದರು. ಹೆಸರಿಗೆ ಹೂವು, ಆದರೆ ಅದು ಪ್ರಾಣಿ. ಅದರ ಮೈ ಗಾಡಿಚಕ್ರದ ಹಾಗೆ, ಎತ್ತ ಕೊಯ್ದರೂ ಸಮಪಾಲು ಅಂತ ಗೈಡಿನಲ್ಲಿತ್ತು. ಮೇಷ್ಟ್ರಿಗೆ ಅದು ಸುತರಾಂ ಒಪ್ಪಿಗೆಯಿಲ್ಲ.

"ಮರಿಯಾಗಿದ್ದಾಗ ಒಳಗಿನ ಪರದೆಗಳು ಎಡಕ್ಕೊಂದು ಬಲಕ್ಕೊಂದು ಜೋಡಿಯಾಗಿ ಏಳ್ತವೆ ಕಣಮ್ಮ, ನಮ್ಮ ಕೈಕಾಲಿನಂಗೆ. ಚಕ್ರದ ವೇಷ ಆಮೇಲಿಂದು. ಹಳೇ ಗುರುತು ಒಳಗೆ ಉಳಿದಿರ್ತದೆ. ನನ್ನ ಮಾತು ನಂಬಬೇಡ, ಕೊಯ್ದು ನೋಡು," ಅಂದರು.

ಅಡ್ಡಕ್ಕೆ ಕೊಯ್ದೆ. ಗಂಟಲು ದುಂಡಗಿರಲಿಲ್ಲ, ಸೀಳಿನಂತಿತ್ತು. ಅದರ ಎರಡೂ ಪಕ್ಕ ಪರದೆಗಳು ಜೋಡಿ ಜೋಡಿ. ಅಬ್ಬಾ, ಎಷ್ಟು ಖುಷಿಯಾಗಿತ್ತು ಅವತ್ತು!

ಪರೀಕ್ಷೆಯಲ್ಲಿ ಹಾಗೆ ಬರೆದರೆ ಮಾರ್ಕ್ಸ್ ಹೋಗುತ್ತೆ ಅಂತ ನಮ್ಮ ಕ್ಲಾಸಿನ ಹುಡುಗರ ಮನೆಯವರೆಲ್ಲ ಗಲಾಟೆ ಎಬ್ಬಿಸಿದರು. ತಪ್ಪು ಪಾಠ ಮಾಡ್ತಾರೆ, ಕೆಲಸದಿಂದ ತೆಗೀರಿ ಅಂತ ಅರ್ಜಿ ಕೊಟ್ಟರು. ಮೊದಲ ಸಹಿ ನಮ್ಮಪ್ಪನದು. ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಮೇಷ್ಟ್ರು ಒಂದು ಕಡೆ, ಅಪ್ಪ ಇನ್ನೊಂದು ಕಡೆ ನಿಂತಿದ್ದರು.

"ನೀನೇ ಕೊಯ್ದಿದ್ದಂತೆ. ಈ ಮೇಷ್ಟ್ರು ಹೇಳಿದಂಗೆ ಕಾಣಿಸ್ತೇನಮ್ಮ?"

ಕಂಡಿತು ಅಂದರೆ ಎಲ್ಲರೆದುರು ಅಪ್ಪನ ಮರ್ಯಾದೆ ಹೋಗುತ್ತೆ, ಮನೆಗೆ ಹೋದ ಮೇಲೆ ನನ್ನ ಓದಿಗೇ ಕಲ್ಲು ಹಾಕ್ತಾರೆ. ನನ್ನ ಹಾಳು ಬಾಯಿ, "ಇಲ್ಲ ಸಾರ್, ಏನೂ ಕಾಣ್ಲಿಲ್ಲ" ಅಂದುಬಿಟ್ಟಿತು. ಸೋಮವಾರದಿಂದ ಮೇಷ್ಟ್ರು ಕಾಲೇಜಿಗೆ ಬರಲಿಲ್ಲ.

ಆರೇಳು ವರ್ಷದ ಮೇಲೆ, ತಪ್ಪಾಯ್ತು ಅನ್ನೋಕೆ ಗುಬ್ಬಿಯಲ್ಲಿ ಅವರ ಮನೆ ಹುಡುಕಿಕೊಂಡು ಹೋದೆ. ಅವರು ತೀರಿಕೊಂಡು ಆಗಲೇ ವರ್ಷವಾಗಿತ್ತು. ಮೇಷ್ಟ್ರ ಹತ್ತಿರ ಓದಿದವಳು ಅಂದಿದ್ದಕ್ಕೆ ಅವರ ಹೆಂಡತಿ ಕೂರಿಸಿ ಕಾಫಿ ಕೊಟ್ಟರು.

"ಯಾವುದೋ ಹುಡುಗಿ ಏನೂ ಕಾಣ್ಲಿಲ್ಲ ಅಂದ್ಲಂತೆ. ಪಾಪ, ಆ ಮಗೂಗೆ ಸರಿಯಾಗಿ ತೋರಿಸೋಕೆ ನಂಗೆ ಬರಲಿಲ್ಲ ಕಣೇ ಅಂತ ಸಾಯೋವರೆಗೂ ಕೊರಗಿದ್ರಮ್ಮ. ಆಮೇಲೆ ಯಾರಿಗೂ ಪಾಠಾನೇ ಹೇಳಲಿಲ್ಲ."

ಆ ಹುಡುಗಿ ನಾನೇ ಅನ್ನದೆ ಕಾಫಿ ಕುಡಿದು ಎದ್ದು ಬಂದೆ, ಹೇಡಿ. ಈಗ ಆಯಮ್ಮನೂ ಇಲ್ಲ. ನಂಗೆ ಚೆನ್ನಾಗಿ ಕಂಡಿತ್ತು ಮೇಷ್ಟ್ರೇ...