ತೌಡಿನ ಕೋಣೆಯ ತಂತಿ

ಚಳಿಗಾಲದಲ್ಲಿ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಕಬ್ಬಿಣದ ಗೇಟು ಮುಟ್ಟಿದರೆ ಬೆರಳ ತುದಿಗೆ ಚಟ್ ಎಂದು ಚುಚ್ಚುತ್ತದಲ್ಲ, ಅದು ಎಲ್ಲರಿಗೂ ನಗೆಯ ವಿಷಯ. ನನಗೆ ಮಾತ್ರ ಅಲ್ಲ. ನಾನು ಮೊದಲು ಗೋಡೆಗೆ ಅಂಗೈ ಒತ್ತಿ, ಸ್ವಲ್ಪ ಹೊತ್ತು ನಿಂತು, ಆಮೇಲೆ ಗೇಟಿಗೆ ಕೈ ಹಾಕುತ್ತೇನೆ. "ಮಾವಾರ, ಗ್ವಾಡಿಗೆ ಏನು ಹರಕೆ ಹೊತ್ತೀರಿ?" ಎಂದು ಸೊಸೆ ನಗುತ್ತಾಳೆ. ನಾನೂ ನಗುತ್ತೇನೆ. ಯಾಕೆ ಎಂಬುದನ್ನು ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಗಣಿ ಜೋರಾಗಿದ್ದ ವರ್ಷಗಳು ಅವು. ನಾನು ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಬೆಲ್ಟಿನ ಕೆಲಸಕ್ಕಿದ್ದೆ. ಹರಿದ ಬೆಲ್ಟು ಜೋಡಿಸುವುದು, ಸಡಿಲವಾದದ್ದು ಬಿಗಿ ಮಾಡುವುದು. ಮಾಲೀಕರು ಅದಿರಿನ ಲಾರಿಗಳನ್ನು ಕೊಂಡಿದ್ದರಿಂದ ಗಿರಣಿಯ ಕಡೆ ಬರುವುದೇ ಅಪರೂಪವಾಗಿತ್ತು. ನಮ್ಮ ಎಲೆಕ್ಟ್ರಿಷಿಯನ್ ಕೂಡ ಬಳ್ಳಾರಿ ಹತ್ತಿರ ಅದಿರು ರಾಶಿ ಹಾಕುವ ಪ್ಲಾಟಿಗೆ ಹೊರಟುಹೋದ. ಹೈಸ್ಕೂಲು ಮುಗಿಸಿದವನು ಅಲ್ಲಿ ನಾನೊಬ್ಬನೇ. ಹಾಗಾಗಿ ಅವನ ಕೆಲಸವೂ ನನ್ನ ತಲೆಗೆ ಬಂತು.

ಬೆಲ್ಟು ಓಡುವಾಗ ತಿಕ್ಕಾಟಕ್ಕೆ ಒಂದು ಬಗೆಯ ಕರೆಂಟು ಹುಟ್ಟುತ್ತದೆ. ಅದನ್ನು ನೆಲಕ್ಕೆ ಇಳಿಸಲು ಆ ಎಲೆಕ್ಟ್ರಿಷಿಯನ್ ತೌಡಿನ ಕೋಣೆಯಲ್ಲಿ, ಬೆಲ್ಟಿಗೆ ತಾಗೀ ತಾಗದ ಹಾಗೆ ಬಾಚಣಿಗೆಯಂಥ ತಾಮ್ರದ ಒಂದು ಹಣಿಗೆ ಕಟ್ಟಿದ್ದ. ಹಣಿಗೆಯಿಂದ ಒಂದು ತಂತಿ ಬಾಗಿಲ ಬಳಿ ನೆಲದಲ್ಲಿ ಹೂತ ಪೈಪಿಗೆ ಹೋಗುತ್ತಿತ್ತು. ಒಳಗೆ ಹೋಗುವವರು ಮೊದಲು ಆ ಪೈಪು ಮುಟ್ಟಬೇಕೆಂದು ಅವನೇ ರೂಢಿ ಮಾಡಿಸಿದ್ದ. ಬರಬರುತ್ತ ಅದು ಹೊಸ್ತಿಲ ನಮಸ್ಕಾರದಂತಾಯಿತು. ಪೈಪಿಗೆ ಕುಂಕುಮ ಬಂತು. ಹೆಂಗಸರು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋಗುತ್ತಿದ್ದರು.

ತೌಡಿನ ಕೋಣೆ ನೋಡಿಕೊಳ್ಳುತ್ತಿದ್ದವನು ಕುರುಗೋಡಿನ ಸಾಬರವನೊಬ್ಬ. ಎಲ್ಲರಿಗೂ ಅವನು ತೌಡಿನ ಭಾಯಿ. ಅವನೂ ತಪ್ಪದೆ ಪೈಪು ಮುಟ್ಟುತ್ತಿದ್ದ.

"ಏನ್ ಭಾಯಿ, ನೀವೂ ನಮ್ಮ ದೇವರ ಕಾಲಿಗೆ ಬಿದ್ರಲ್ಲ?" ಎಂದು ನಾನು ಕೆಣಕಿದರೆ, "ಕೈ ಅಷ್ಟ ಹಚ್ಚೀನಿ ಅಣ್ಣಾ, ಕಣ್ಣಿಗೆ ಒತ್ಕೊಂಡಿಲ್ಲ. ಕರೆಂಟಿಗೇನು, ಯಾರ ಸಿಕ್ರೂ ಹಿಡಿತೈತಿ" ಎನ್ನುತ್ತಿದ್ದ.

ಆ ವರ್ಷ ದೊಡ್ಡ ಬೆಲ್ಟು ಪದೇ ಪದೇ ಜಾರುತ್ತಿತ್ತು. ಹೊಸದು ತರಿಸಲು ಕೇಳುವವರಿಲ್ಲ. ನಾನು ಹೊಟ್ಟಿನ ಬೂದಿಯನ್ನು ಬಟ್ಟೆಯಲ್ಲಿ ಸೋಸಿ, ಬೆಲ್ಟು ಅಂಟಿಸುವ ರಬ್ಬರ್ ಸುಲೂಷನ್ನಿಗೆ ಕಲೆಸಿದೆ. ಎರಡು ಬೆರಳ ನಡುವೆ ತಿಕ್ಕಿದರೆ ನುಣ್ಣನೆ ಮರಳಿನಂತೆ ಸಿಗಬೇಕು, ಅದೇ ನನ್ನ ಅಳತೆ. ಅದನ್ನು ಗಡಸು ಬಟ್ಟೆಗೆ ಬಳಿದು, ಒಣಗಿಸಿ, ಆ ಪಟ್ಟಿಯನ್ನು ಚಕ್ರಕ್ಕೆ ಸುತ್ತಿ ಅಂಟಿಸಿದೆ. ಬೆಲ್ಟು ಜಾರುವುದು ನಿಂತಿತು. ಆದರೆ ಅದರ ಹತ್ತಿರ ಹೋದರೆ ಮುಂಗೈ ಕೂದಲು ನೆಟ್ಟಗೆ ನಿಲ್ಲುತ್ತಿದ್ದವು. ಟೆಸ್ಟರಿನೊಳಗಿನ ಸಣ್ಣ ಬಲ್ಬು ತೆಗೆದು ಹಿಡಿದೆ. ಮಿಣುಕ್ ಎಂದಿತು. ವಯರಿಲ್ಲ, ಸ್ವಿಚ್ಚಿಲ್ಲ. ಸುಳ್ಳು ಹೇಳುವುದಿಲ್ಲ, ಅವತ್ತು ನಾನು ಕುಣಿದಾಡುವಷ್ಟು ಹಿಗ್ಗಿದೆ.

ಆ ದಿನಗಳಲ್ಲೇ ಬಳ್ಳಾರಿಯ ಕಾಲೇಜೊಂದರ ಮೇಷ್ಟ್ರು ತಮ್ಮ ದೇಶನೂರಿನ ಗದ್ದೆಯ ಭತ್ತ ಹಾಕಿಸಲು ಬಂದಿದ್ದರು. ಹಣೆಗೆ ಅಂಗಾರ, ಕೈಯಲ್ಲೊಂದು ಕೊಡೆ. ಬಲ್ಬು ನೋಡಿ ಕೊಡೆ ಗೋಡೆಗೆ ಒರಗಿಸಿ ಅಲ್ಲೇ ಕುಕ್ಕರುಗಾಲಲ್ಲಿ ಕೂತರು.

"ಎರಡು ಬೇರೆ ಬೇರೆ ವಸ್ತು ತಿಕ್ಕಿದಾಗ ಒಂದು ಕೊಡತದ, ಒಂದು ಕಸಕೊಳ್ತದ. ನೀವು ಬೂದಿ ಬೆರಸಿ ರಬ್ಬರಿನ ಗುಣಾನೇ ಬದಲು ಮಾಡೀರಿ. ಇದನ್ನ ಹಿಡಿದಿಡೋದು ಕಲಿತರ ಸಣ್ಣ ಯಂತ್ರ ತಮ್ಮ ಕರೆಂಟು ತಾವೇ ಮಾಡಿಕೊಳ್ತಾವ. ಯಾರು ಹೇಳಿಕೊಟ್ಟರು?"

"ಬೆಲ್ಟ್ ಜಾರ್ತಿತ್ರಿ ಸಾರ್, ಅದಕ್ಕ."

ಅವರು ಮನಸಾರೆ ನಕ್ಕು, ಪಟ್ಟಿಯ ಒಂದು ತುಂಡು ಕೇಳಿ ಇಸಿದುಕೊಂಡರು. ಹೋಗುವಾಗ ಬಾಗಿಲ ಬಳಿಯ ಪೈಪು ತೋರಿಸಿ ಹೇಳಿದರು: "ಈ ತಂತಿ ಮಾತ್ರ ಬಿಚ್ಚಬ್ಯಾಡ್ರಿ. ತೌಡಿನ ಧೂಳು ಎದ್ದಾಗ ಒಂದು ಕಿಡಿ ಸಾಕು."

ಈ ಮಾತು ಯಾರೂ ನನಗೆ ಹೇಳಿರಲಿಲ್ಲ ಎಂದು ತಪ್ಪಿಸಿಕೊಳ್ಳುವ ಹಾಗಿಲ್ಲ. ಹೇಳಿದ್ದರು. ನಾನು ಕೇಳಿದ್ದೆ.

ಆಯುಧಪೂಜೆ ಬಂತು. ತೌಡಿನ ಕೋಣೆಯಲ್ಲಿ ದೇವರ ಫೋಟೋ ಇಟ್ಟು ಅದರ ಸುತ್ತ ಕರೆಂಟಿಲ್ಲದ ಬಲ್ಬಿನ ಸರ ಹಚ್ಚಿ ತೋರಿಸುತ್ತೇನೆಂದು ಜಂಬ ಕೊಚ್ಚಿಕೊಂಡಿದ್ದೆ. ಆದರೆ ಹಣಿಗೆ ಹೀರಿದ್ದೆಲ್ಲ ನೆಲಕ್ಕೆ ಹೋಗುತ್ತಿತ್ತು, ಬಲ್ಬು ಒಂದೆರಡಕ್ಕಿಂತ ಹೆಚ್ಚು ಹತ್ತುತ್ತಿರಲಿಲ್ಲ. ಹಬ್ಬದ ಮುಂಜಾನೆ ತಂತಿಯನ್ನು ಪೈಪಿನಿಂದ ಬಿಚ್ಚಿದೆ. ಪ್ಲಾಸ್ಟಿಕ್ ಬಕೆಟ್ ಬೋರಲು ಹಾಕಿ, ಮೇಲೆ ತಗಡಿನ ಖಾಲಿ ಎಣ್ಣೆ ಡಬ್ಬಿ ಇಟ್ಟು, ತಂತಿಯನ್ನು ಡಬ್ಬಿಗೆ ಕಟ್ಟಿದೆ. ಡಬ್ಬಿಯಿಂದ ಬಲ್ಬಿನ ಸರಕ್ಕೆ ಇನ್ನೊಂದು ಎಳೆ. ಸರವೆಲ್ಲ ಮಿಣಮಿಣ ಎಂದಿತು. ಊರಿನವರು ಬಂದು ನೋಡಿದರು. "ಗಣಿಯವರಿಗೆ ಹೆಲಿಕಾಪ್ಟರ್, ನಮಗ ಈ ಮಿಣುಕುಹುಳ. ಇರಲಿ ಬಿಡು, ಪುಕ್ಕಟೆ ಐತಿ" ಎಂದು ಹಮಾಲರು ನಕ್ಕರು.

ಹಬ್ಬ ಮುಗಿದ ಮೇಲೆ ತಂತಿ ಮೊದಲಿನ ಹಾಗೆ ಕಟ್ಟಬೇಕಿತ್ತು. ಆದರೆ ಬಳ್ಳಾರಿಯಿಂದ ತಮ್ಮ ಬೀಗರು ನೋಡಲು ಬರುತ್ತಾರೆ, ಹಾಗೇ ಇರಲಿ ಎಂದು ಮಾಲೀಕರು ಫೋನು ಮಾಡಿದರು. ತಂತಿ ಬಿಚ್ಚಿದ್ದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಮೂರನೆಯ ದಿನ ಮುಂಜಾನೆ ಡಬ್ಬಿಯಿಂದ ಪಕ್ಕದ ಕಬ್ಬಿಣದ ಕಂಬಕ್ಕೆ ಬೆರಳುದ್ದದ ನೀಲಿ ಕಿಡಿ ಹಾರಿದ್ದನ್ನು ಕಣ್ಣಾರೆ ಕಂಡೆ. ಬೀಗರು ಇವತ್ತು ಬಂದು ಹೋಗಲಿ, ಸಂಜೆಗೆ ತಂತಿ ಪೈಪಿಗೆ ಕಟ್ಟಿದರಾಯಿತು ಎಂದುಕೊಂಡೆ.

ಹನ್ನೊಂದರ ಸುಮಾರಿಗೆ ಭಾಯಿ ಬೇವಿನ ಗಿಡದ ಕೆಳಗೆ ಬೀಡಿ ಸೇದಿ ಬಂದ. ಎಂದಿನಂತೆ ಪೈಪು ಮುಟ್ಟಿದ. ಆ ಪೈಪಿಗೆ ಈಗ ಹಣಿಗೆಯಿಂದ ಏನೂ ಬರುತ್ತಿಲ್ಲ ಎಂಬುದು ನನಗೊಬ್ಬನಿಗೇ ಗೊತ್ತು. ಒಳಗೆ ಹೋಗಿ ತೌಡಿನ ಚೀಲ ಕೊಡವಿದ. ಧೂಳು ಮೋಡದಂತೆ ಎದ್ದಿತು. ನಾನು ಬಾಗಿಲಲ್ಲೇ ನಿಂತಿದ್ದೆ. ಡಬ್ಬಿಯ ಕಡೆಯಿಂದ ಟಿಕ್ ಎಂದ ಸದ್ದು, ಹಿಂದೆಯೇ ಭಸ್ ಎಂದು ಬೆಂಕಿ. ಭಾಯಿ ಇದ್ದದ್ದು ಎದುರಿನ ಮೂಲೆಯಲ್ಲಿ. ಬೆಂಕಿ ಹುಟ್ಟಿದ್ದು ಡಬ್ಬಿಯ ಮೂಲೆಯಲ್ಲಿ. ಇದರಲ್ಲಿ ನನಗೆ ಅವತ್ತೂ ಅನುಮಾನ ಇರಲಿಲ್ಲ, ಇವತ್ತೂ ಇಲ್ಲ.

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಹೊರಗೆ ಓಡಿಬಂದ. ಮುಖ ಉಳಿಯಿತು, ಕೈ ಬೆಂದವು. ಅವನನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ನಾನು ಜೊತೆಗೆ ಹೋಗಲಿಲ್ಲ. ನೀರು ಹೊಡೆದು ಬೆಂಕಿ ಆರಿಸಿದ ಮೇಲೆ ಎಲ್ಲರೂ ಹೊರಗಿದ್ದಾಗ ಒಬ್ಬನೇ ಒಳಗೆ ಹೋದೆ. ಡಬ್ಬಿ, ಕರಗಿದ ಬಕೆಟ್ಟು, ಬಲ್ಬಿನ ಸರ ಎಲ್ಲವನ್ನೂ ಹೊಟ್ಟಿನ ರಾಶಿಯಲ್ಲಿ ಹೂತೆ. ಹೊಸ ತಂತಿ ತಂದು ಹಣಿಗೆಯಿಂದ ಪೈಪಿಗೆ ಬಿಗಿದೆ. ಬಿಗಿದ ಮೇಲೆ ನೋಡಿದರೆ, ಕೋಣೆಯೆಲ್ಲ ಕಪ್ಪಾಗಿದೆ, ತಂತಿಯೊಂದೇ ಫಳಫಳ ಹೊಳೆಯುತ್ತಿದೆ. ಗೋಡೆಯ ಮಸಿಯನ್ನು ಅಂಗೈಗೆ ತೆಗೆದುಕೊಂಡು ತಂತಿಗೆ ಉದ್ದಕ್ಕೂ ಸವರಿದೆ.

ಮರುದಿನ ಮಾಲೀಕರು ಒಬ್ಬ ಅಧಿಕಾರಿಯೊಂದಿಗೆ ಬಂದರು.

"ನೆಲದ ತಂತಿ ಇತ್ತೇನು?" ಅಧಿಕಾರಿ ಕೇಳಿದರು.

"ಇತ್ರಿ ಸಾರ್. ಇಲ್ಲೇ ಐತಿ ನೋಡ್ರಿ."

"ಮತ್ತೆ ಬೆಂಕಿ ಹೆಂಗ ಬಂತು?"

ಅವರು ತಂತಿಯ ಹತ್ತಿರ ಬಗ್ಗಿದರು. ಬೆರಳು ಹಚ್ಚಿದರೆ ಮಸಿ ಬಂದುಬಿಡುತ್ತದೆ. ಆಗ ನಾನೇ ಹೇಳಿದೆ: "ಭಾಯಿ ಬೀಡಿ ಸೇದ್ತಾನ್ರಿ. ಆಗಷ್ಟ ಸೇದಿ ಬಂದಿದ್ದ."

ಅಷ್ಟು ಸಾಕಾಯಿತು. ಬಲ್ಬಿನ ಸರದ ಮಾತು ಮಾಲೀಕರೂ ಎತ್ತಲಿಲ್ಲ. ಆಸ್ಪತ್ರೆಯಿಂದ ಬಂದವನನ್ನು ಗೇಟಿನಲ್ಲೇ ನಿಲ್ಲಿಸಿ ಕೆಲಸವಿಲ್ಲ ಎಂದರು. "ಉಂಡ ಮನಿಗೆ ಬೆಂಕಿ ಹಚ್ಚಿದವ" ಎಂದು ಹಮಾಲರೂ ಮುಖ ತಿರುಗಿಸಿದರು. ನಾನು ಒಳಗೆ ಬೆಲ್ಟು ಬಿಗಿಯುತ್ತ ಇದೆಲ್ಲ ಕೇಳಿಸಿಕೊಂಡೆ. ಎದ್ದು ಹೊರಗೆ ಹೋಗಲಿಲ್ಲ.

ಆಮೇಲೆ ನಾನು ಬಳ್ಳಾರಿಗೆ ಬಂದೆ. ಹದಿನೈದು ವರ್ಷದ ಮೇಲಾಯಿತು. ಗೇಟಿನ ಸದ್ದಾದರೆ ಯಾರೋ ತಂತಿಯ ವಿಷಯ ಕೇಳಲು ಬಂದರು ಎನಿಸುತ್ತಿತ್ತು. ಈ ಚಳಿಗಾಲ ನಿಜವಾಗಿಯೂ ಬಂದರು. ಅದೇ ಮೇಷ್ಟ್ರು, ತಲೆ ಪೂರಾ ಬೆಳ್ಳಗಾಗಿತ್ತು. ಜೊತೆಗೆ ಇಬ್ಬರು ವಿದ್ಯಾರ್ಥಿನಿಯರು. "ನಿಮ್ಮನ್ನ ಹುಡುಕಿ ಸಾಕಾತು ಮಾರಾಯ್ರ" ಎಂದು ಕಾಲೇಜಿಗೆ ಕರೆದುಕೊಂಡು ಹೋದರು.

ಅಲ್ಲಿ ಟೇಬಲ್ಲಿನ ಮೇಲೆ ರಬ್ಬರಿನಂಥ ತೆಳ್ಳನೆಯ ಹಾಳೆಗಳು. ಒಂದೊಂದರಲ್ಲಿ ಹೊಟ್ಟಿನ ಬೂದಿ ಒಂದೊಂದು ಅಳತೆಯಲ್ಲಿ ಬೆರೆಸಿದ್ದರು. ಅಂಥ ಹಾಳೆಯ ಒಂದು ಚಾಪೆಯನ್ನು ನೆಲಕ್ಕೆ ಹಾಸಿದ್ದರು. "ಕಾಲಿಡ್ರಿ ತಾತಾ, ಬ್ಯಾಟರಿ ಇಲ್ಲ, ಏನೂ ಇಲ್ಲ" ಎಂದಳು ಒಬ್ಬ ಹುಡುಗಿ. ಕಾಲಿಟ್ಟೆ. ಎದುರಿನ ಹಲಗೆಯ ಮೇಲೆ ಪುಟ್ಟ ಪುಟ್ಟ ದೀಪಗಳು ಸಾಲಾಗಿ ಹೊತ್ತಿದವು. "ಇದರ ಮೂಲಪುರುಷರು ಇವರೇ" ಎಂದು ಮೇಷ್ಟ್ರು ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಕೇಳಿಸಿದ್ದು ಟಿಕ್ ಎಂಬ ಸದ್ದೊಂದೇ. ಚಾಪೆಯಿಂದ ಇಳಿದು ಗೋಡೆಗೆ ಅಂಗೈ ಒತ್ತಿ ನಿಂತೆ. ಬೀಪಿ ಇರಬೇಕೆಂದು ನೀರು ಕೊಟ್ಟರು. "ಆ ಗಿರಣಿ ಈಗ ಹೆಂಗದ?" ಎಂದು ಮೇಷ್ಟ್ರು ಕೇಳಿದಾಗ, "ಚೆನ್ನಾಗೈತ್ರಿ" ಎಂದೆ. ಮತ್ತೊಂದು ಸುಳ್ಳು; ಬಿಟ್ಟು ಬಂದ ಮೇಲೆ ಆ ಕಡೆ ತಲೆಯನ್ನೇ ಹಾಕಿರಲಿಲ್ಲ.

ಅಲ್ಲಿಂದ ಮನೆಗೆ ಹೋಗಲಿಲ್ಲ. ಕುರುಗೋಡಿನ ಬಸ್ಸು ಹತ್ತಿದೆ.

ಮನೆಯ ಮುಂದೆಯೇ ಭಾಯಿಯದೊಂದು ಸಣ್ಣ ಅಂಗಡಿ. ನಾನು ಹೋದಾಗ ಯಾರೋ ಬೀಡಿ ಕೇಳುತ್ತಿದ್ದರು. "ಬೀಡಿ ಮಾರಲ್ಲರಿ. ಕಡ್ಡಿಪೆಟ್ಟಿಗಿನೂ ಇಲ್ಲ" ಎಂದ ಭಾಯಿ. ಬೆಂದು ಒಂದಕ್ಕೊಂದು ಅಂಟಿದ ಬೆರಳಲ್ಲೇ ಬಿಸ್ಕತ್ತಿನ ಡಬ್ಬಿ ಮುಚ್ಚಿದ. ನನ್ನನ್ನು ಗುರುತು ಹಿಡಿದು, "ಅರೆ, ಬೆಲ್ಟಿನ ಅಣ್ಣ! ಬರ್ರಿ, ಬರ್ರಿ" ಎಂದು ಸ್ಟೂಲು ಎಳೆದ. ಅವನ ಹೆಂಡತಿ ನೀರು ತಂದು ಕೊಟ್ಟಳು.

ಅವನೇ ಮೊದಲು ಶುರು ಮಾಡಿದ. "ನಿಮ್ಮ ಮುಂದ ಬರಾಕ ನಾಚಿಕಿ ಅಣ್ಣಾ. ಆ ಬೀಡಿ ಕಾಲಾಗ ತುಳಿದೆ ಅನ್ಕೊಂಡಿದ್ದೆ. ತುಳಿದೆನೋ ಇಲ್ಲೋ, ಕಿಡಿ ಲುಂಗಿಗೆ ಹತ್ತಿತ್ತೋ ಏನೋ. ಅವತ್ತಿಂದ ನಾ ಒಲಿ ಮುಂದ ಸುದ್ದಾ ಹೋಗಿಲ್ಲ."

ನಾನು ಒಂದೇ ಉಸಿರಿಗೆ ಹೇಳಿದೆ. ತಂತಿ, ಡಬ್ಬಿ, ನೀಲಿ ಕಿಡಿ, ಮಸಿ, ಅಧಿಕಾರಿಗೆ ಹೇಳಿದ ಮಾತು, ಇವತ್ತು ಕಾಲೇಜಿನ ಹುಡುಗಿಯರ ಮುಂದೆ ಹೊತ್ತಿದ ದೀಪ.

ಅವನು ಕೇಳಿದ್ದು ಒಂದೇ ಪ್ರಶ್ನೆ. "ಬೆಂಕಿ ಯಾವ ಮೂಲ್ಯಾಗಿಂದ ಬಂತು?"

"ಡಬ್ಬಿ ಮೂಲ್ಯಾಗಿಂದ."

"ನಾ ಇದ್ದ ಕಡಿಂದ ಅಲ್ಲ?"

"ಅಲ್ಲ."

ಹೆಂಡತಿಯನ್ನು ಹೊರಗೆ ಕರೆದ. "ಇನ್ನೊಮ್ಮೆ ಹೇಳ್ರಿ, ಇಕಿ ಮುಂದ." ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಯಿತು. ಆಕೆ ಕೇಳಿ, ನನ್ನ ಕೈಯಲ್ಲಿದ್ದ ಅರ್ಧ ನೀರಿನ ಲೋಟ ತೆಗೆದುಕೊಂಡಳು. "ಹದಿನೈದು ವರ್ಷ ಇವರಿಗೆ ನಾ ಏನೇನು ಅಂದೀನಿ ಗೊತ್ತೈತೇನ್ರಿ ನಿಮಗ?" ಎಂದು ನೀರನ್ನು ಚರಂಡಿಗೆ ಚೆಲ್ಲಿ ಒಳಗೆ ಹೋದಳು.

ಭಾಯಿ ಬೈಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. "ಬಾಯಿಮಾತು ಬ್ಯಾಡ. ಬರ್ದು ಕೊಡ್ರಿ. ನನ್ನ ಮಗಳು ಸಾಲ್ಯಾಗ ಟೀಚರ್ ಅದಾಳ, ಆಕಿ ಓದ್ಬೇಕು. ಇನ್ನೊಂದು ಆ ಕಾಲೇಜಿನವರಿಗೆ ಕೊಡ್ರಿ. ಆ ಹುಡುಗ್ಯಾರಿಗೆ ನೀವು ಬರೇ ದೀಪ ತೋರಿಸೀರಿ. ನನ್ನ ಕೈ ತೋರಿಸಿಲ್ಲ."

ಅದಕ್ಕಾಗಿ ಇದನ್ನು ಬರೆದಿದ್ದೇನೆ, ಎರಡು ಪ್ರತಿ. ನಾಳೆ ಮುಂಜಾನೆ ಮೊದಲು ಕಾಲೇಜಿಗೆ, ಅಲ್ಲಿಂದ ಕುರುಗೋಡಿಗೆ. ಮೇಷ್ಟ್ರ ಮುಖ ಹೇಗಾಗುತ್ತದೋ. ಹಾಳೆಗಳನ್ನು ಸೊಸೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಟ್ಟಿದ್ದಳು. ಎಣಿಸಿ ನೋಡೋಣವೆಂದು ಹೊರಗೆ ಎಳೆದರೆ ಹಾಳೆ ಕವರಿಗೆ ಅಂಟಿಕೊಂಡು ಚಿಟಿಚಿಟಿ ಎಂದಿತು. ಕೈ ಹಿಂದೆಗೆದೆ. ಗೋಡೆ ಮುಟ್ಟಿ ಬಂದು ಈ ಸಾಲುಗಳನ್ನೂ ಸೇರಿಸಿದ್ದೇನೆ; ಇನ್ನು ಹಾಳೆಗಳನ್ನು ಬಟ್ಟೆಯ ಚೀಲಕ್ಕೆ ಹಾಕಿ ಬಾಗಿಲ ಮೊಳೆಗೆ ತೂಗುಹಾಕುತ್ತೇನೆ.