ದಸ್ತಾವೇಜು ಬರೆಯುವವನ ವಾಕಿಂಗ್

ನಡೆಯಿರಿ ಎಂದ ಡಾಕ್ಟರರ ಮೇಲೆಯೇ ನನಗೆ ಮೊದಲು ಸಂಶಯ ಬಂದದ್ದು. ವಾಮದಪದವಿನಿಂದ ಮೂಡುಬಿದಿರೆಗೆ ಬಸ್ಸು ಹಿಡಿದು ಹೋಗಿ, ಒಂದೂವರೆ ಗಂಟೆ ಕಾದು, ಒಳಗೆ ಹೋದರೆ ಆಕೆ ಹೇಳಿದ್ದು ಇಷ್ಟು: ದಿನಾ ಬೆಳಗ್ಗೆ ನಲವತ್ತು ನಿಮಿಷ ಬಿರಬಿರನೆ ನಡೆಯಬೇಕು, ಚಾ ಕಡಿಮೆ ಮಾಡಬೇಕು, ಹತ್ತು ಗಂಟೆಗೆ ಮಲಗಬೇಕು, ಮೊಬೈಲನ್ನು ಮಲಗುವ ಕೋಣೆಗೆ ತರಬಾರದು. ಇದನ್ನು ನಮ್ಮ ಪೇಟೆಯ ಯಾವ ಅಂಗಡಿಯ ಬೆಂಚಿನಲ್ಲಿ ಕುಳಿತವರೂ ಪುಕ್ಕಟೆ ಹೇಳುತ್ತಾರೆ. ಜೊತೆಗೆ ಒಂದು ಮಾತ್ರೆ ಬರೆದುಕೊಟ್ಟರು. ಮಾತ್ರೆ ಸರಿಯಿದ್ದರೆ ನಡೆಯುವುದೇಕೆ, ನಡೆದರೆ ಗುಣವಾಗುವುದಾದರೆ ಮಾತ್ರೆ ಏಕೆ? ಎರಡನ್ನೂ ಹೇಳುವವರಿಗೆ ಯಾವುದರ ಮೇಲೂ ನಂಬಿಕೆ ಇರಲಾರದು ಎಂದು ನಾನು ತೀರ್ಮಾನಿಸಿದೆ.

"ಇದು ಡಿಪ್ರೆಶನ್. ಕಾಯಿಲೆ. ನೀವು ಮಾಡಿದ ತಪ್ಪಲ್ಲ" ಎಂದರು. ಆಮೇಲೆ ತೂಕ ನೋಡಿ ಬನ್ನಿ ಎಂದು ನನ್ನನ್ನು ಹೊರಗೆ ಕಳುಹಿಸಿದರು. ಜೊತೆಗೆ ಬಂದಿದ್ದ ಹೆಂಡತಿ ಒಳಗೇ ಉಳಿದಳು. ನಾನು ತೂಕದ ಯಂತ್ರದ ಮೇಲೆ ನಿಂತು ಬಾಗಿಲಿನ ಪರದೆಯನ್ನೇ ನೋಡುತ್ತಿದ್ದೆ. ಒಳಗೆ ಪಿಸುಮಾತು. ಮರಳಿ ಹೋದಾಗ ಇಬ್ಬರೂ ಒಟ್ಟಿಗೆ ಸುಮ್ಮನಾದರು. ಏನು ಮಾತಾಡಿದ್ದು ಎಂದು ಬಸ್ಸಿನಲ್ಲಿ ಹೆಂಡತಿಯನ್ನು ಕೇಳಿದೆ. "ಎಂತ ಇಲ್ಲ, ಊಟದ ವಿಷಯ" ಎಂದಳು. ಊಟದ ವಿಷಯಕ್ಕೆ ಯಾರಾದರೂ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆಯೇ?

ಸಂಶಯ ನನ್ನ ಹೊಟ್ಟೆಪಾಡು. ಬಂಟ್ವಾಳದಲ್ಲಿ ನೋಂದಣಿ ಕಚೇರಿಯ ಹತ್ತಿರ ಒಂದು ಸಣ್ಣ ಕೋಣೆಯಲ್ಲಿ ಕುಳಿತು ಇಪ್ಪತ್ತೆರಡು ವರ್ಷಗಳಿಂದ ಜಾಗದ ದಸ್ತಾವೇಜು ಬರೆಯುತ್ತಿದ್ದೇನೆ. ಕ್ರಯಪತ್ರ, ಪಾಲುಪತ್ರ, ದಾನಪತ್ರ. ಜನ ನನ್ನನ್ನು ಕರೆಯುವುದು ರೈಟ್ರು ಎಂದು. ಬಂದವರು ಹೇಳಿದ್ದನ್ನೆಲ್ಲ ನಂಬಿ ಬರೆದರೆ ಅದು ನಾಳೆ ಕೋರ್ಟಿಗೆ ಹೋಗುತ್ತದೆ. ಅಣ್ಣನ ಸಹಿಯನ್ನು ತಮ್ಮ ಹಾಕಿ ತಂದದ್ದನ್ನು ಕಂಡಿದ್ದೇನೆ. ತೀರಿಹೋದ ಅಜ್ಜಿಯ ಬದಲಿಗೆ ಬೇರೊಬ್ಬ ಅಜ್ಜಿ ಹೆಬ್ಬೆಟ್ಟು ಒತ್ತಲು ಬಂದು ಕುಳಿತದ್ದನ್ನೂ ಕಂಡಿದ್ದೇನೆ. ಎದುರಿಗೆ ಕುಳಿತವರು ತುಂಬ ನಕ್ಕರೆ ನಾನು ಇನ್ನೊಮ್ಮೆ ಆಧಾರ್ ಕಾರ್ಡು ಕೇಳುತ್ತೇನೆ.

ಅಂಥ ನಾನು ಕಳೆದ ವರ್ಷ ಒಂದು ಕಾಗದದ ಚಕ್ಕುಬಂದಿ ಬರೆಯುವಾಗ, ಎಂದರೆ ಆ ಜಾಗದ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಬರೆಯುವಾಗ, ಪೂರ್ವದಲ್ಲಿ ಹರಿಯುವ ತೋಡನ್ನು ಪಶ್ಚಿಮಕ್ಕೆ ಬರೆದೆ. ಕಾಗದ ಬರೆಸಲು ಬಂದ ಪಾರ್ಟಿಯೇ ಅದನ್ನು ಬೆರಳಿಟ್ಟು ತೋರಿಸಬೇಕಾಯಿತು. ತೋರಿಸಿದಾಗ ನನಗೆ ನಾಚಿಕೆಯಾಗಲಿಲ್ಲ. ನನ್ನನ್ನು ಹೆದರಿಸಿದ್ದು ಅದೇ. ಬೆಳಗ್ಗೆ ಎಚ್ಚರವಾದರೂ ಏಳಲು ಆಗುತ್ತಿರಲಿಲ್ಲ. ಹಲ್ಲುಜ್ಜುವುದು ಕೂಡ ಯಾರೋ ಹೊರಿಸಿದ ಕೆಲಸ ಎನ್ನಿಸುತ್ತಿತ್ತು. ಒಂದು ಸಂಜೆ ಮನೆಗೆ ಬರುವ ಬಸ್ಸಿನಲ್ಲಿ ಕಾರಣವೇ ಇಲ್ಲದೆ ಕಣ್ಣೀರು ಬಂತು. ಪಕ್ಕದಲ್ಲಿ ಕುಳಿತವರು ತಮ್ಮ ಚೀಲವನ್ನು ಆಚೆ ಸರಿಸಿಕೊಂಡರು.

ಚಾ ಬಿಡುವುದೇ ದೊಡ್ಡ ಕಷ್ಟವಾಯಿತು. ನಮ್ಮಲ್ಲಿ ಒಂದು ಕಾಗದಕ್ಕೆ ಕನಿಷ್ಠ ಎರಡು ಚಾ, ಜೊತೆಗೆ ಬನ್ಸ್ ಅಥವಾ ಗೋಳಿಬಜೆ. ಪಾರ್ಟಿ ತರಿಸಿದ ಚಾವನ್ನು ಬೇಡವೆಂದರೆ ರೈಟ್ರು ಎದುರಿನವರ ಕಡೆಗೆ ವಾಲಿದ್ದಾರೆ ಎಂದು ಅರ್ಥ. ದಿನಕ್ಕೆ ಏಳೆಂಟು ಕುಡಿಯುತ್ತಿದ್ದವನು ಎರಡಕ್ಕೆ ಇಳಿದ ವಾರದಲ್ಲಿ ಇಬ್ಬರು ತಮ್ಮ ಕಾಗದಪತ್ರ ಎತ್ತಿಕೊಂಡು ಪಕ್ಕದ ಕೋಣೆಯವರಲ್ಲಿಗೆ ಹೋದರು. ಮನೆಯಲ್ಲಿ ಹೆಂಡತಿ ಮೊಬೈಲನ್ನು ಅಕ್ಕಿ ಡಬ್ಬದ ಮೇಲೆ ಇಡತೊಡಗಿದಳು. ಮೊಳಕೆ ಬಂದ ಹೆಸರುಕಾಳನ್ನು ಬಟ್ಟಲಿಗೆ ಹಾಕಿ ಎದುರು ಕುಳಿತುಕೊಳ್ಳುತ್ತಿದ್ದಳು, ಮುಗಿಯುವವರೆಗೆ ಏಳುತ್ತಿರಲಿಲ್ಲ. ನಾನು ಸ್ನಾನಕ್ಕೆ ಹೋದಾಗ ಮಾತ್ರೆ ಲೆಕ್ಕ ಮಾಡುತ್ತಾಳೆ ಎಂದು ನನಗೆ ಗೊತ್ತಿತ್ತು, ಏಕೆಂದರೆ ಮಾತ್ರೆಯ ಶೀಟನ್ನು ನಾನು ಬೇಕೆಂದೇ ಓರೆಯಾಗಿ ಇಟ್ಟುಹೋಗುತ್ತಿದ್ದೆ. ಬರುವಷ್ಟರಲ್ಲಿ ಅದು ನೆಟ್ಟಗಾಗಿರುತ್ತಿತ್ತು.

ಬೆಳ್ತಂಗಡಿಯಲ್ಲಿರುವ ಅವಳ ತಮ್ಮನಿಂದ ಒಂದು ಜೊತೆ ಬಿಳಿ ಶೂ ತರಿಸಿದಳು. ಜೀವಮಾನವಿಡೀ ಚಪ್ಪಲಿ ಹಾಕಿದವನು ಆ ಶೂ ಹಾಕಿಕೊಂಡು ಅಂಗಳಕ್ಕೆ ಇಳಿದ ದಿನ ನಮ್ಮ ಮನೆಯ ನಾಯಿಯೇ ಬೊಗಳಿತು. ಮನೆಯ ಹಿಂದಿನ ಕಾಂಕ್ರೀಟ್ ರಸ್ತೆ ಗುಡ್ಡ ಹತ್ತಿ, ರಬ್ಬರ್ ತೋಟದ ನಡುವೆ ಹಾದು, ಮೇಲೆ ನೀರಿನ ಟ್ಯಾಂಕಿನ ಹತ್ತಿರ ಮುಗಿಯುತ್ತದೆ. ಹೋಗಿ ಬರಲು ಸರಿಯಾಗಿ ನಲವತ್ತು ನಿಮಿಷ. ಮೊದಲ ದಿನ ಅರ್ಧದಲ್ಲೇ ಕಣ್ಣಿಗೆ ಕತ್ತಲೆ ಬಂದು ಮುರಕಲ್ಲಿನ ಗೋಡೆ ಹಿಡಿದು ನಿಂತೆ. ಆದರೂ ಮರುದಿನ ಹೋದೆ. ಹೋಗದಿದ್ದರೆ ಬಟ್ಟಲಿನ ಎದುರು ಕುಳಿತ ಹಾಗೆ ಅವಳು ಹಾಸಿಗೆಯ ಪಕ್ಕದಲ್ಲೂ ಕುಳಿತುಕೊಳ್ಳುತ್ತಿದ್ದಳು.

ನಮ್ಮ ಊರಿನಲ್ಲಿ ಎದುರು ಸಿಕ್ಕವರನ್ನು ಎಲ್ಲಿಗೆ ಎಂದು ಕೇಳದೆ ಬಿಡುವವರಿಲ್ಲ. ಅಂಗಡಿಗೆ, ಡೈರಿಗೆ, ಮದುವೆಗೆ, ಏನಾದರೂ ಒಂದು ಉತ್ತರ ಬೇಕು. ಸುಮ್ಮನೆ ಎಂಬುದು ಉತ್ತರವಲ್ಲ.

"ರೈಟ್ರು ಎಲ್ಲಿಗೆ ಹೊರಟದ್ದು?"

"ಹೀಗೇ, ಸ್ವಲ್ಪ ಮೇಲೆ."

"ಮೇಲೆ ಎಂತ ಉಂಟು?"

"ಎಂತ ಇಲ್ಲ. ವಾಕಿಂಗ್."

"ಹಾಂ, ವಾಕಿಂಗ್" ಎಂದು ಅವರು ತಲೆಯಾಡಿಸುವ ರೀತಿಯಲ್ಲೇ ತಿಳಿಯುತ್ತಿತ್ತು, ಒಂದಕ್ಷರವೂ ನಂಬಿಲ್ಲ ಎಂದು. ನಾನಾದರೂ ನಂಬುತ್ತಿರಲಿಲ್ಲ.

ಆ ರಸ್ತೆ ಹಾದುಹೋಗುವ ಜಾಗ, ಅದರ ಎರಡೂ ಬದಿ ಸೇರಿ, ಊರಿನ ಅಣ್ಣ ತಮ್ಮ ಇಬ್ಬರದ್ದು. ತಂದೆಯ ಕಾಲದಿಂದ ಒಟ್ಟಿಗೇ ಇದೆ, ಪಾಲಾಗಿಲ್ಲ. ಅಣ್ಣನ ಮನೆ ರಸ್ತೆಗೆ ತಾಗಿಕೊಂಡೇ ಇದೆ. ಅವರ ಹೆಂಡತಿ ಹೊರಗಿನ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತ, ನಾನು ಹತ್ತುವುದರಿಂದ ಹಿಡಿದು ಇಳಿಯುವವರೆಗೆ ನನ್ನನ್ನೇ ನೋಡುತ್ತಿದ್ದರು. ಒಮ್ಮೆಯೂ ಮಾತಾಡಿಸಿದವರಲ್ಲ. ಗಂಡ ಕಾವಲಿಗೆ ಕೂರಿಸಿದ್ದಾನೆ ಎಂದುಕೊಂಡೆ.

ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ಟ್ಯಾಂಕಿನ ಹತ್ತಿರ ನಿಂತಾಗ ನನಗೆ ಹಸಿವಾಯಿತು. ನಿಜವಾದ ಹಸಿವು. ಬೂತಾಯಿ ಮೀನಿನ ಪುಳಿಮುಂಚಿ ತಿನ್ನಬೇಕು ಎನ್ನಿಸಿತು. ಸಂತೋಷಪಡುವ ಬದಲು ನಾನು ಇದು ಮಾತ್ರೆಯ ಕಿತಾಪತಿ ಇರಬೇಕು ಎಂದುಕೊಂಡೆ. ತಾನಾಗಿಯೇ ಆದ ಹಸಿವೋ ಮಾತ್ರೆ ತಂದದ್ದೋ ಎಂದು ಇಡೀ ಇಳಿಜಾರಿನಲ್ಲಿ ಯೋಚಿಸಿದೆ. ಹೇಗಿದ್ದೀರಿ ಎಂದು ಹೆಂಡತಿ ಕೇಳಿದಾಗ ಗೊತ್ತಿಲ್ಲ ಎಂದೆ. ಮೂಡುಬಿದಿರೆಯಲ್ಲಿ ಡಾಕ್ಟರರು ಕೇಳಿದಾಗಲೂ ಗೊತ್ತಿಲ್ಲ ಎಂದೇ ಹೇಳಿದೆ. ಕಡಿಮೆಯಾಗಿದೆ ಎಂದು ಬಾಯಿಬಿಟ್ಟು ಹೇಳಿದರೆ ಆದ ಗುಣವೂ ಅಲ್ಲಿಗೇ ಮುಗಿಯುತ್ತದೆ ಎಂಬ ಹೆದರಿಕೆ ನನಗೆ.

ಅದೇ ವಾರ ಆ ಜಾಗದ ಇಬ್ಬರಲ್ಲಿ ತಮ್ಮನಾದವರು ಬಂಟ್ವಾಳದ ನನ್ನ ಕೋಣೆಗೆ ಬಂದರು. ಕುಳಿತುಕೊಳ್ಳಲಿಲ್ಲ.

"ಅಣ್ಣ ನಿಮ್ಮಲ್ಲಿ ಕಾಗದ ಬರೆಸುತ್ತಾ ಇದ್ದಾನಂತಲ್ಲ? ನನಗೆ ಗೊತ್ತಾಗದ ಹಾಗೆ?"

"ಯಾರು ಹೇಳಿದ್ದು?"

"ಹೇಳುವುದು ಎಂತದ್ದು? ದಿನಾ ಬೆಳಗ್ಗೆ ಜಾಗ ನೋಡಿಕೊಂಡು ಹೋಗುತ್ತೀರಿ. ಗೋಡೆಯ ಹತ್ತಿರ ನಿಂತು ಗಡಿ ನೋಡಿದ್ದನ್ನು ಕಂಡವರಿದ್ದಾರೆ."

ಗೋಡೆಯ ಹತ್ತಿರ ನಿಂತದ್ದು ತಲೆ ತಿರುಗಿ. ಹಾಗೆಂದು ಹೇಳುವ ಹಾಗಿರಲಿಲ್ಲ. ಕೋಣೆಯಲ್ಲಿ ಇನ್ನೂ ಮೂವರು ಪಾರ್ಟಿಗಳಿದ್ದರು. ತಲೆಯ ಕಾಯಿಲೆಗೆ ಮಾತ್ರೆ ತಿನ್ನುವವನ ಕೈಯಲ್ಲಿ ಯಾರು ಕಾಗದ ಬರೆಸುತ್ತಾರೆ? ತೋಡಿನ ದಿಕ್ಕು ತಪ್ಪಿಸಿದ ಕಥೆ ಮೊದಲೇ ಕಚೇರಿಯ ಮೆಟ್ಟಿಲಿನವರೆಗೆ ತಲುಪಿತ್ತು. ನಿಮ್ಮ ಅಣ್ಣ ನನ್ನಲ್ಲಿಗೆ ಬಂದಿಲ್ಲ ಎಂದಷ್ಟೇ ಹೇಳಿದೆ. ಅವರು ನನ್ನನ್ನು ನೋಡಿದ ನೋಟವನ್ನು ನಾನೇ ಎಷ್ಟೋ ಜನರ ಮೇಲೆ ಬಳಸಿದ್ದೇನೆ.

ನಾಲ್ಕು ದಿನದಲ್ಲಿ ಅಣ್ಣ ತಮ್ಮ ಮಾತು ಬಿಟ್ಟರು. ತಮ್ಮನೇ ಗುಟ್ಟಾಗಿ ಪಾಲು ಮಾರಲು ಹೊರಟು ನನ್ನನ್ನು ಕಳುಹಿಸುತ್ತಿದ್ದಾನೆ ಎಂದು ಅಣ್ಣನ ಲೆಕ್ಕ. ಇದೆಲ್ಲ ತಣ್ಣಗಾಗುತ್ತದೆ ಎಂದು ನಾನು ಮತ್ತೂ ಕೆಲವು ವಾರ ತಲೆ ತಗ್ಗಿಸಿಕೊಂಡು ನಡೆದೆ. ತಣ್ಣಗಾಗಲಿಲ್ಲ. ಒಂದು ಸೋಮವಾರ ಅಣ್ಣನಾದವರು ರಸ್ತೆಗೆ ಅಡ್ಡಲಾಗಿ ಎರಡು ಬಿದಿರು ಕಟ್ಟಿಸಿದ್ದರು.

ಹಿಂದೆ ತಿರುಗಿ ಮುಖ್ಯರಸ್ತೆಗೆ ಇಳಿದೆ. ಲಾರಿಗಳೂ ಬಸ್ಸುಗಳೂ ಮೈಮೇಲೆ ಬರುವ ಹಾಗೆ ಸಾಗುವ ಆ ರಸ್ತೆಯ ಅಂಚಿನಲ್ಲಿ ಹತ್ತು ನಿಮಿಷ ನಡೆದು ಮನೆಗೆ ಬಂದುಬಿಟ್ಟೆ. ಮಂಗಳವಾರ ಶೂ ಹಾಕಲಿಲ್ಲ. ಬುಧವಾರ ಹಾಸಿಗೆಯಿಂದ ಏಳಲಿಲ್ಲ. ಫ್ಯಾನು ನೋಡುತ್ತ ಮಲಗಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಮುಖದಲ್ಲಿ ಮೂಡುಬಿದಿರೆಯಿಂದ ಕಣ್ಣು ಒರೆಸಿಕೊಂಡು ಬಂದ ದಿನದ ಹೆದರಿಕೆ ಮತ್ತೆ ಬಂದಿತ್ತು. ಆಗ ನನಗೆ ಅನುಮಾನಕ್ಕೆ ಎಡೆಯೇ ಇಲ್ಲದ ಒಂದು ವಿಷಯ ತಿಳಿಯಿತು: ಆ ನಲವತ್ತು ನಿಮಿಷ ತಪ್ಪಿದರೆ ನಾನು ಮತ್ತೆ ಕೆಳಗೆ ಹೋಗುತ್ತೇನೆ.

ಗುರುವಾರ ಎದ್ದು, ಮಾತ್ರೆಯ ಶೀಟನ್ನು ಕಿಸೆಗೆ ಹಾಕಿಕೊಂಡು ಅಣ್ಣನ ಮನೆಗೆ ಹೋದೆ. ದಾಖಲೆ ಇಲ್ಲದೆ ಮಾತಿಗೆ ಹೋಗಿ ಅಭ್ಯಾಸವಿಲ್ಲ. ಅವರು ಜಗಲಿಯಲ್ಲಿ ಕುಳಿತಿದ್ದರು.

"ಅಣ್ಣ, ನನಗೆ ಯಾರದೂ ಜಾಗ ಬೇಡ. ನನಗೆ ಡಿಪ್ರೆಶನ್. ನಡೆಯಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಅಷ್ಟೇ."

ಊರಿನಲ್ಲಿ ಅದನ್ನು ನಾನು ಹೇಳಿದ್ದು ಮೊದಲ ಬಾರಿ.

ಅವರು ನಕ್ಕರು. "ಒಳ್ಳೆ ಕಥೆ ಕಟ್ಟುತ್ತೀರಿ ಮಾರಾಯ್ರೆ. ದಿನಾ ನಾಲ್ಕು ಜನರಿಗೆ ಕಾಗದ ಬರೆದು ಕೊಡುವವರಿಗೆ ಎಂತ ಡಿಪ್ರೆಶನ್? ಸತ್ಯ ಹೇಳಿ, ತಮ್ಮ ನಿಮಗೆ ಎಷ್ಟು ಕೊಡುತ್ತೇನೆ ಅಂದ?"

ನಾನು ಶೀಟನ್ನು ತೆಗೆದು ಅವರ ಕೈಗೆ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದರು. ಹುಬ್ಬು ಗಂಟಾಯಿತು. ಒಳಗೆ ಕೂಗಿದರು. "ನಿನ್ನ ಆ ಮಾತ್ರೆ ತಾ ಮಾರಾಯ್ತಿ."

ಅವರ ಹೆಂಡತಿ ಬಾಗಿಲಿಗೆ ಬಂದರು. ನನ್ನ ಶೀಟನ್ನು ನೋಡಿದರು. ಒಳಗೆ ಹೋದವರು ಬರಲು ಸ್ವಲ್ಪ ಹೊತ್ತು ಹಿಡಿಯಿತು. ತಂದುಕೊಟ್ಟದ್ದು ಅದೇ ಬಣ್ಣ, ಅದೇ ಹೆಸರು, ಅದೇ ಕಂಪೆನಿ.

"ಇದು ಇವಳ ಬಿಪಿಯ ಮಾತ್ರೆ. ಮೂಡುಬಿದಿರೆಯಿಂದ ತರುವುದು" ಎಂದು ಅವರು ಎರಡನ್ನೂ ನನ್ನ ಮುಂದೆ ಇಟ್ಟರು. "ನೀವು ಓದಿದವರು, ನೋಡಿ ಹೇಳಿ. ಇದು ಬಿಪಿಯದ್ದಾ, ನೀವು ಹೇಳುವ ಆ ಕಾಯಿಲೆಯದ್ದಾ?"

ಆಕೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತಿದ್ದರು. ಬೇಡ ಎಂದು ಸನ್ನೆ ಮಾಡಲಿಲ್ಲ. ನನ್ನನ್ನು ನೋಡಲೂ ಇಲ್ಲ, ನೆಲ ನೋಡುತ್ತಿದ್ದರು. ಇಪ್ಪತ್ತೆರಡು ವರ್ಷ ಸುಳ್ಳು ಸಹಿ ಹಿಡಿದವನಿಗೆ ಇದು ಅರ್ಥವಾಗಲು ಹೊತ್ತು ಬೇಕಾಗಲಿಲ್ಲ. ನಿಜ ಹೇಳಿದರೆ ನನ್ನ ರಸ್ತೆ ನನಗೆ ಸಿಗುತ್ತದೆ. ಆಕೆಗೆ ಈ ಮನೆಯಲ್ಲಿ ಏನಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿರುವುದು ಆಕೆಗೆ ಮಾತ್ರ, ಅದಕ್ಕೇ ಬಿಪಿ ಎಂದಿದ್ದಾರೆ.

"ಬಿಪಿಯದ್ದೇ" ಎಂದೆ.

"ನಿಮ್ಮದು?"

"ನನ್ನದೂ ಬಿಪಿಯದ್ದೇ."

"ಮತ್ತೆ ಡಿಪ್ರೆಶನ್ ಅಂದದ್ದು?"

"ಸುಳ್ಳು."

ಅವರು ಎದ್ದು ನಿಂತರು. ಗೆದ್ದ ಖುಷಿ ಮುಖದಲ್ಲಿ ಕಾಣುತ್ತಿತ್ತು. "ನನಗೆ ಗೊತ್ತಿತ್ತು. ಇನ್ನು ಈ ಕಡೆ ಬರಬೇಡಿ ರೈಟ್ರೆ. ತಮ್ಮನಿಗೂ ಹೇಳಿ." ಒಳಗೆ ಹೋಗುತ್ತ, ನಾಯಿ ಬಿಟ್ಟಿದ್ದೇನೆ, ಇವರನ್ನು ಗೇಟು ದಾಟಿಸಿ ಬಾ ಎಂದು ಹೆಂಡತಿಗೆ ಹೇಳಿದರು.

ಅಂಗಳ ಇಳಿಯುವಾಗ ನನಗೆ ಸಿಟ್ಟಿನಿಂದ ಮೈ ಉರಿಯುತ್ತಿತ್ತು. ಬದುಕಿನಲ್ಲಿ ಒಮ್ಮೆ ನಿಜ ಹೇಳಲು ಹೊರಟೆ, ಅದನ್ನೂ ನನ್ನ ಕೈಯಾರೆ ಹರಿದು ಹಾಕಿದೆ. ಆಕೆ ನಾಯಿಯ ಕುತ್ತಿಗೆಯ ಪಟ್ಟಿ ಹಿಡಿದುಕೊಂಡು ನನ್ನಿಂದ ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದರು. ಗೇಟಿನ ಚಿಲಕ ತೆಗೆಯುವಾಗ ಮನೆಯ ಕಡೆ ಒಮ್ಮೆ ತಿರುಗಿ ನೋಡಿ, ತಗ್ಗಿದ ಸ್ವರದಲ್ಲಿ ಕೇಳಿದರು.

"ನಿಮಗೆ ಕಡಿಮೆ ಆಗಿದೆಯಾ?"

ಇದೇ ಪ್ರಶ್ನೆಯನ್ನು ಕೇಳಿ ಕೇಳಿ ನನ್ನ ಹೆಂಡತಿ ಸೋತಿದ್ದಳು. ಡಾಕ್ಟರರಿಗೂ ನಾನು ನೆಟ್ಟಗೆ ಉತ್ತರ ಕೊಟ್ಟವನಲ್ಲ. ಆದರೆ ಇವರು ನನ್ನನ್ನು ಅಳೆಯಲು ಕೇಳುತ್ತಿರಲಿಲ್ಲ. ನಾನು ಏನು ಹೇಳುತ್ತೇನೋ ಅದರ ಮೇಲೆ ಇವರು ನಾಳೆ ಬೆಳಗ್ಗೆ ಏಳಬೇಕಿತ್ತು.

"ಆಗಿದೆ ಅಕ್ಕ" ಎಂದೆ. "ಪೂರ್ತಿ ಅಲ್ಲ. ಆದರೆ ಆಗಿದೆ."

"ಎಷ್ಟು ಸಮಯ ಬೇಕಾಯಿತು?"

"ಮೂರು ತಿಂಗಳು."

ಆಕೆ ಮನಸ್ಸಿನಲ್ಲೇ ಲೆಕ್ಕ ಹಾಕಿದರು.

"ನನಗೆ ಈಗ ಎರಡು" ಎಂದು ಹೇಳಿ, ಗೇಟು ಹಾಕಿದರು.